ಎಷ್ಟು ಬೇಗ, ಎಷ್ಟು ಆಳ: ಮನೋಚಿಕಿತ್ಸೆಯ ನಡಿಗೆ ಹೊಂದಿಸುವ ಬಗೆ

ಎರಡನೇ ಭೇಟಿಯಿಂದ ಮುಂದೆ ಪ್ರತಿ ಸಲ ಮಾತು ಶುರು ಮಾಡುವಾಗ ಚಿಕಿತ್ಸೆಗೆ ಬಂದವರಿಗೆ ಈ ಪ್ರಶ್ನೆ ಕೇಳಿ: ‘ಹೋದ ಸಲ ಇಲ್ಲಿಂದ ಹೋದಮೇಲೆ ಮೂರು ದಿನ ಹೇಗೆ ಕಳೆಯಿತು?’ ನಿದ್ದೆ, ಊಟ, ಕೆಲಸ, ಮನೆಯವರ ಜೊತೆ ಮಾತುಕತೆ, ಕುಡಿಯುವ ಅಭ್ಯಾಸವಿದ್ದರೆ ಅದು, ಎಲ್ಲವನ್ನೂ ಬಿಡಿಬಿಡಿಯಾಗಿ ಕೇಳಬೇಕು. ‘ಅಡ್ಡಿಲ್ಲ’ ಎಂದ ಕೂಡಲೇ ಮುಂದೆ ಹೋಗಬೇಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ‘ಅಡ್ಡಿಲ್ಲ’ ಎಂದರೆ ಚೆನ್ನಾಗಿದೆ ಎಂದೂ ಆದೀತು, ಅದನ್ನು ಕೇಳಬೇಡಿ ಎಂದೂ ಆದೀತು.

ಈ ಪ್ರಶ್ನೆಗೆ ಇಷ್ಟು ಮಹತ್ವ ಯಾಕೆಂದರೆ, ಹೋದ ಭೇಟಿಯಲ್ಲಿ ಎಷ್ಟು ಆಳಕ್ಕೆ ಇಳಿದಿರಿ ಎಂಬುದು ಕೋಣೆಯೊಳಗೆ ಗೊತ್ತಾಗುವುದಿಲ್ಲ. ನಿಮ್ಮೆದುರು ಅತ್ತು ಹಗುರಾದಂತೆ ಕಂಡವರು ಮನೆಗೆ ಹೋಗಿ ಎರಡು ರಾತ್ರಿ ಕಣ್ಣು ಮುಚ್ಚದೆ ಕೂತಿರಬಹುದು. ನಾಲ್ಕು ಮಾತೂ ಆಡದೆ ಎದ್ದುಹೋದವರು ದಾರಿಯಲ್ಲಿ, ವರ್ಷಗಳಿಂದ ಮಾತು ಬಿಟ್ಟಿದ್ದ ತಂಗಿಗೆ ಫೋನ್ ಮಾಡಿರಬಹುದು. ಒಂದು ರಾತ್ರಿ ಮನಸ್ಸು ಭಾರವಾಗಿ, ಮರುದಿನ ಎಂದಿನಂತೆ ಕೊಟ್ಟಿಗೆ, ಅಡುಗೆ, ಆಫೀಸು ನಡೆದಿದ್ದರೆ ಆಳ ಸರಿಯಾಗಿತ್ತು. ಮೂರು ದಿನವೂ ನಿದ್ದೆಯಿಲ್ಲ, ಮಕ್ಕಳ ಮೇಲೆ ರೇಗಾಟ, ಎಂದಿಗಿಂತ ಹೆಚ್ಚು ಕುಡಿತ, ಬದುಕಿ ಏನು ಪ್ರಯೋಜನ ಎಂಬ ಯೋಚನೆ ಬಂದಿದ್ದರೆ ನೀವು ಅವರು ಹೊರಲಾರದಷ್ಟು ಹೊರಿಸಿ ಕಳಿಸಿದ್ದೀರಿ. ಸತತ ಮೂರ್ನಾಲ್ಕು ಭೇಟಿ ಕಳೆದರೂ ನಡುವಿನ ದಿನಗಳಲ್ಲಿ ಏನೂ ಅಲುಗಾಡಿಲ್ಲವೆಂದರೆ ಮೇಲುಮೇಲಿನ ಮಾತಾಗುತ್ತಿದೆ, ಇಲ್ಲವೇ ಅವರು ನಿಮ್ಮನ್ನು ನೋಯಿಸಬಾರದೆಂದು ಬರುತ್ತಿದ್ದಾರೆ.

ಈ ಬರಹ ಶಿರಸಿ, ಕುಮಟಾ, ಕಾರವಾರದಂಥ ಊರುಗಳಲ್ಲಿ ಹೊಸದಾಗಿ ಕೆಲಸ ಶುರು ಮಾಡಿರುವ ಆಪ್ತಸಮಾಲೋಚಕರಿಗೆ, ಸೈಕಾಲಜಿಸ್ಟರಿಗೆ. ಚಿಕಿತ್ಸೆಗೆ ಹೋಗುತ್ತಿರುವವರೂ ಓದಬಹುದು. ‘ಪಕ್ಕದ ಮನೆಯವರಿಗೆ ಆರೇ ಸಲದಲ್ಲಿ ಗುಣವಾಯಿತು, ನನಗೆ ಯಾಕೆ ಇನ್ನೂ ಆಗಿಲ್ಲ’ ಎಂಬ ಕೊರಗು ಎಷ್ಟೋ ಜನರನ್ನು ಅರ್ಧಕ್ಕೇ ಬಿಡಿಸುತ್ತದೆ.

ವೇಗ ಬೇರೆ, ಆಳ ಬೇರೆ

ಇವೆರಡನ್ನೂ ಒಂದೇ ಎಂದುಕೊಳ್ಳುವುದು ಹೊಸಬರ ಮೊದಲ ತಪ್ಪು. ವೇಗವೆಂದರೆ ಎಷ್ಟು ದಿನಕ್ಕೊಮ್ಮೆ ಭೇಟಿ, ಒಂದು ಭೇಟಿಯಲ್ಲಿ ಎಷ್ಟು ಹೊಸ ವಿಷಯ, ಮನೆಯಲ್ಲಿ ಮಾಡಲು ಎಷ್ಟು ಅಭ್ಯಾಸ ಎಂಬುದು. ಆಳವೆಂದರೆ ಯಾವ ಮೆಟ್ಟಿಲಿನಲ್ಲಿ ಕೆಲಸ ನಡೆದಿದೆ ಎಂಬುದು. ಎಲ್ಲಕ್ಕಿಂತ ಮೇಲಿನದು ದೇಹ ಮತ್ತು ದಿನಚರಿ: ನಿದ್ದೆ, ಉಸಿರು, ಊಟ, ಹೊರಗೆ ಓಡಾಟ. ಅದರ ಕೆಳಗೆ ಇವತ್ತಿನ ತೊಂದರೆ ಮತ್ತು ಅದನ್ನು ಆರದಂತೆ ಕಾಪಾಡುತ್ತಿರುವ ಯೋಚನೆ, ನಡವಳಿಕೆ. ಅದಕ್ಕೂ ಕೆಳಗೆ ತಾಯಿಮನೆ, ಗಂಡನ ಮನೆ, ಆಫೀಸು ಎಲ್ಲ ಕಡೆಯೂ ಅದದೇ ರೀತಿ ತಿರುಗಿ ಬರುವ ಜಗಳ, ಅದದೇ ಸೋಲು. ತಳದಲ್ಲಿ ಹಳೆಯ ಗಾಯ.

ಎಲ್ಲರೂ ತಳಕ್ಕೆ ಇಳಿಯಲೇಬೇಕೆಂದೇನಿಲ್ಲ. ಎರಡನೇ ಪಿಯು ಪರೀಕ್ಷೆಗೆ ಮೂರು ವಾರವಿರುವಾಗ ಕೈ ನಡುಗುತ್ತದೆ ಎಂದು ಬಂದ ಹುಡುಗನಿಗೆ ಎರಡನೇ ಮೆಟ್ಟಿಲೇ ಸಾಕು. ಅಲ್ಲಿ ಬೇಗಬೇಗ, ವಾರಕ್ಕೆ ಎರಡು ಭೇಟಿಯಾದರೂ ಸರಿ. ಸ್ಕಿಜೋಫ್ರೇನಿಯಾದಿಂದ (ಭ್ರಮೆ, ಇಲ್ಲದ ದನಿ ಕೇಳಿಸುವಂಥ ತೀವ್ರ ಕಾಯಿಲೆ) ಚೇತರಿಸಿಕೊಳ್ಳುತ್ತಿರುವವರ ಜೊತೆ ನಡಿಗೆಯೂ ನಿಧಾನ, ಆಳವೂ ಕಮ್ಮಿ: ಮಾತ್ರೆ ತಪ್ಪದಿರುವುದು, ಹೊತ್ತಿಗೆ ಸರಿಯಾಗಿ ಏಳುವುದು, ತೋಟಕ್ಕೊಂದು ಸುತ್ತು. ಚಿಕ್ಕಂದಿನಿಂದ ಹೊಡೆತ ತಿಂದು ಬೆಳೆದವರೊಂದಿಗೆ ನಿಧಾನವಾಗಿ ಆಳಕ್ಕೆ. ಇನ್ನು ಕೆಲವರು ವರ್ಷಗಟ್ಟಲೆ ಒಳಗೇ ಹಣ್ಣಾದ ದುಃಖವನ್ನು ಹಿಡಿದು ಬಂದು ಮೂರೇ ಭೇಟಿಯಲ್ಲಿ ತಳ ಮುಟ್ಟಿ ಮೇಲೆ ಬರುತ್ತಾರೆ. ಅಂಥವರನ್ನು ‘ಇದು ಇಷ್ಟು ಬೇಗ ಆಗುವಂಥದ್ದಲ್ಲ’ ಎಂದು ಹಿಡಿದು ಕೂರಿಸಬಾರದು.

ಸುಮಾರಾದ ಲೆಕ್ಕ ತಲೆಯಲ್ಲಿರಲಿ. ಖಿನ್ನತೆಗೆ, ಆತಂಕಕ್ಕೆ ಯೋಚನೆ, ನಡವಳಿಕೆಯನ್ನು ತಿದ್ದುವ ಸಿಬಿಟಿ ಚಿಕಿತ್ಸೆ ಎಂದರೆ ಸಾಮಾನ್ಯವಾಗಿ 12ರಿಂದ 20 ಭೇಟಿ. ಸಂಬಂಧಗಳ ತೊಡಕನ್ನೇ ಮುಖ್ಯವಾಗಿಟ್ಟುಕೊಳ್ಳುವ ಐಪಿಟಿ 12ರಿಂದ 16. ಮತ್ತೆಮತ್ತೆ ತಮಗೆ ತಾವೇ ಗಾಯ ಮಾಡಿಕೊಳ್ಳುವವರಿಗಾಗಿ ರೂಪಿಸಿದ ಡಿಬಿಟಿ ಪೂರ್ತಿಯಾಗಿ ನಡೆದರೆ ಒಂದು ವರ್ಷ. ಭೇಟಿಯ ಸಂಖ್ಯೆಗೂ ಗುಣಕ್ಕೂ ಇರುವ ನಂಟನ್ನು ಅಳೆದ 1986ರ ಹೆಸರಾದ ಅಧ್ಯಯನವೊಂದರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ 8 ಭೇಟಿಯೊಳಗೆ ಸುಧಾರಣೆ ಕಂಡಿತ್ತು, ಮುಕ್ಕಾಲು ಪಾಲಿಗೆ ಹೆಚ್ಚುಕಡಿಮೆ 26 ಭೇಟಿ ಹಿಡಿದಿತ್ತು. ಅಂದರೆ ಮೊದಲಿನ ಭೇಟಿಗಳಲ್ಲಿ ತೊಂದರೆಯ ಇಳಿತ ಜೋರು, ಆಮೇಲೆ ನಿಧಾನ. ಬಂದವರಿಗೆ ಇದನ್ನು ಮೊದಲ ದಿನವೇ ಹೇಳಿದರೆ ಹತ್ತನೇ ಭೇಟಿಯ ಹೊತ್ತಿಗೆ ಅವರು ಕಂಗೆಡುವುದಿಲ್ಲ.

ಮೊದಲ ಎರಡು ಭೇಟಿಯಲ್ಲಿ ತೂಗಿ ನೋಡುವುದು

ಮೊದಲು ಜೀವಕ್ಕೆ ಅಪಾಯವಿದೆಯೇ ಎಂದು ನೇರವಾಗಿ ಕೇಳಿ. ‘ಸಾಯಬೇಕು ಅನ್ನಿಸುತ್ತಾ? ಹೇಗೆ ಎಂದು ಯೋಚನೆ ಮಾಡಿದ್ದೀರಾ?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಕೇಳದೇ ಇದ್ದರೆ ಅವರು ಒಬ್ಬರೇ ಹೊತ್ತುಕೊಂಡು ಹೋಗುತ್ತಾರೆ. ಉತ್ತರ ಹೌದಾದರೆ ಆಳದ ಮಾತನ್ನೆಲ್ಲ ಬದಿಗಿಡಿ. ಆ ದಿನದ ಕೆಲಸ ಇಷ್ಟೇ: ಮನೆಯಲ್ಲಿ ಯಾರಿಗೆ ಹೇಳುವುದು, ತೋಟಕ್ಕೆ ಹೊಡೆಯುವ ಔಷಧಿ ಮತ್ತು ಮಾತ್ರೆಯ ಡಬ್ಬಿ ಯಾರ ಬೀಗದಲ್ಲಿ ಇರಬೇಕು, ರಾತ್ರಿ ಯೋಚನೆ ಜೋರಾದರೆ ಮೊದಲು ಯಾರಿಗೆ ಫೋನ್, ಆಮೇಲೆ ಯಾರಿಗೆ. ಒಂದು ಹಾಳೆಯಲ್ಲಿ ಅವರ ಕೈಯಲ್ಲೇ ಬರೆಸಿ. 24 ಗಂಟೆಯೂ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಆ ಹಾಳೆಯಲ್ಲಿರಲಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಅದೇ ದಿನ ಮನೋವೈದ್ಯರಿಗೆ ತೋರಿಸುವ ಏರ್ಪಾಡೂ ಆಗಬೇಕು.

ಕುಡಿತದ ಪ್ರಮಾಣ ಕೇಳಿ. ದಿನಾ ಕುಡಿಯುವವರ ಹಳೆಯ ನೋವನ್ನು ಕೆದಕಿದರೆ ಆ ಸಂಜೆ ಪ್ರಮಾಣ ಏರುತ್ತದೆ. ಹಾಗೆಂದು ‘ನಾಳೆಯಿಂದ ಪೂರ್ತಿ ಬಿಡಿ’ ಎಂದೂ ಹೇಳಬೇಡಿ. ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ಅದು ವೈದ್ಯರ ಕಣ್ಣೆದುರು ಆಗಬೇಕಾದ ಕೆಲಸ. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ ಕೂಡ ಖಿನ್ನತೆಯ ಹಾಗೆಯೇ ಕಾಣಿಸುತ್ತವೆ. ಸುಸ್ತು, ಮರೆವು, ತೂಕದ ಏರಿಳಿತವಿದ್ದರೆ ರಕ್ತಪರೀಕ್ಷೆ ಮಾಡಿಸಿಕೊಂಡು ಬರಲಿ.

ಆಮೇಲೆ ಯಾರೂ ಪುಸ್ತಕದಲ್ಲಿ ಬರೆಯದ ವಿಷಯಗಳು. ಬಸ್ಸು ಎಷ್ಟು ಹೊತ್ತಿಗೆ? ಯಲ್ಲಾಪುರದ ಒಳಹಳ್ಳಿಯಿಂದ ಬಂದವರಿಗೆ ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ಬೇರೆ ಇಲ್ಲವೆಂದರೆ, ಆ ಯೋಚನೆ ಕೊನೆಯ ಇಪ್ಪತ್ತು ನಿಮಿಷವನ್ನು ನುಂಗಿಬಿಡುತ್ತದೆ. ಅಂಥವರಿಗೆ ಆಳದ ಕೆಲಸವನ್ನು ಭೇಟಿಯ ಮೊದಲರ್ಧಕ್ಕೇ ತರಬೇಕು. ಮನೆಯಲ್ಲಿ ಏನು ಹೇಳಿ ಬಂದಿದ್ದಾರೆ? ‘ಹಲ್ಲು ತೋರಿಸಲು’ ಎಂದು ಹೇಳಿ ಬಂದ ಸೊಸೆ ಅತ್ತ ಮುಖದಲ್ಲಿ ಮನೆಗೆ ಹೋಗುವಂತಿಲ್ಲ. ಹೊರಡುವ ಮೊದಲು ಅವರಿಗೆ ಹತ್ತು ನಿಮಿಷ ತಣ್ಣೀರು, ಮುಖ ತೊಳೆಯಲು ಜಾಗ ಬೇಕು. ಹೊರಗೆ ಕಾಯುತ್ತಿರುವವರು ಯಾರು? ಗೋಡೆ ಎಷ್ಟು ದಪ್ಪ? ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಇಬ್ಬರ ಭೇಟಿಯ ನಡುವೆ ಕಾಲು ಗಂಟೆ ಬಿಡಿ, ಒಬ್ಬರು ಇನ್ನೊಬ್ಬರ ಕಣ್ಣಿಗೆ ಬೀಳದಿರಲಿ. ಪೇಟೆಯಲ್ಲಿ ಸಿಕ್ಕರೆ ಅವರು ನಕ್ಕ ಮೇಲೆಯೇ ನೀವು ನಗಬೇಕು, ಇದನ್ನೂ ಮೊದಲೇ ಹೇಳಿಡಿ. ವಾಟ್ಸಾಪ್‌ನಲ್ಲಿ ವಿಷಯ ಬರೆಯಬೇಡಿ, ಆ ಫೋನನ್ನು ಮನೆಯಲ್ಲಿ ಯಾರ್ಯಾರು ತೆಗೆಯುತ್ತಾರೋ ಗೊತ್ತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯವಿದ್ದಾಗ, ಬೇರೆಯವರಿಗೆ ಹಾನಿಯಾಗುವಂತಿದ್ದಾಗ, ಹೈಕೋರ್ಟಿನಂಥವರ ಆದೇಶವಿದ್ದಾಗ ಹೀಗೆ ಕೆಲವು ಸಂದರ್ಭದಲ್ಲಿ ಅದಕ್ಕೆ ಮಿತಿಯಿದೆ ಎಂಬುದನ್ನೂ ಮೊದಲ ದಿನವೇ ತಿಳಿಸಿ. ಈ ಭದ್ರತೆ ಗಟ್ಟಿಯಾಗುವ ಮೊದಲು ಆಳಕ್ಕೆ ಕರೆದರೆ ಯಾರೂ ಬರುವುದಿಲ್ಲ, ಬರಲೂಬಾರದು.

ಭಾಷೆಯ ವಿಷಯ ಇನ್ನೂ ಸೂಕ್ಷ್ಮ. ಕಾರವಾರ, ಅಂಕೋಲಾ ಕಡೆ ಎಷ್ಟೋ ಜನ ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಭಟ್ಕಳದಲ್ಲಿ ನವಾಯತಿ, ಶಿರಸಿ ಸೀಮೆಯಲ್ಲಿ ಹವ್ಯಕ ಕನ್ನಡ. ಹೊರಗಿನ ಭಾಷೆಯಲ್ಲಿ ಸಮಸ್ಯೆಯನ್ನು ವಿವರಿಸುತ್ತಾರೆ, ಮನೆಯ ಭಾಷೆಯಲ್ಲಿ ಅಳುತ್ತಾರೆ. ನೀವು ಕೊಂಕಣಿ ಬಲ್ಲವರಾದರೆ ಇದು ನಿಮ್ಮ ಕೈಯಲ್ಲಿರುವ ಒಳ್ಳೆಯ ಸಾಧನ: ನಿಧಾನ ಮಾಡಬೇಕಾದಾಗ ಕನ್ನಡಕ್ಕೆ ಬನ್ನಿ, ಹತ್ತಿರ ಹೋಗಬೇಕಾದಾಗ ಅವರ ಮನೆಮಾತಿಗೆ. ಬಾರದಿದ್ದರೆ, ‘ಅವತ್ತು ಅಮ್ಮ ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳಿ, ಆಮೇಲೆ ನನಗೆ ಅರ್ಥ ಹೇಳಿದರಾಯಿತು’ ಎನ್ನಿ. ಆ ಒಂದು ವಾಕ್ಯದಲ್ಲೇ ಸ್ವರ ಬದಲಾಗುವುದು ನಿಮಗೆ ಕೇಳಿಸುತ್ತದೆ.

ದೇವರ ಪ್ರಸಾದ ಕೇಳಿ, ಜಾತಕ ತೋರಿಸಿ, ಗಾಡಿಗನ (ಮಂತ್ರ ಹಾಕುವವನ) ಹತ್ತಿರ ಹೋಗಿ ಆಮೇಲೆ ನಿಮ್ಮಲ್ಲಿಗೆ ಬರುವವರು ಬಹಳ. ಅದನ್ನು ಹಳಿಯಬೇಡಿ. ‘ಅವರು ಏನು ಹೇಳಿದರು, ನಿಮಗೆ ಏನು ಸರಿ ಅನ್ನಿಸಿತು’ ಎಂದು ಕೇಳಿದರೆ ತಮ್ಮ ಸಂಕಟಕ್ಕೆ ಅವರೇ ಕೊಟ್ಟುಕೊಂಡಿರುವ ಕಾರಣ ತಿಳಿಯುತ್ತದೆ. ಹೊಡೆಯುವುದು, ಉಪವಾಸ ಕೆಡವುವುದು, ಮಾತ್ರೆ ನಿಲ್ಲಿಸುವುದು ನಡೆದಿದ್ದರೆ ಮಾತ್ರ ಸ್ಪಷ್ಟವಾಗಿ ಬೇಡವೆನ್ನಿ.

ನಿಧಾನ ಮಾಡಬೇಕಾದ ಗಳಿಗೆ

ಮಾತು ನಿಂತಾಗ ಅದು ಯಾವ ಬಗೆಯ ಮೌನ ಎಂದು ಗುರುತಿಸಲು ಕಲಿಯುವುದೇ ಈ ಕೆಲಸದ ಅರ್ಧ ಭಾಗ. ಯೋಚಿಸುವ ಮೌನದಲ್ಲಿ ಕಣ್ಣು ಅತ್ತಿತ್ತ ಆಡುತ್ತದೆ, ಉಸಿರು ಸಹಜವಾಗಿರುತ್ತದೆ, ಕೈ ಏನನ್ನೋ ತೀಡುತ್ತಿರುತ್ತದೆ. ಅದನ್ನು ಕೆಡಿಸಬೇಡಿ, ಎರಡು ನಿಮಿಷವಾದರೂ ಕಾಯಿರಿ. ಹೆಪ್ಪುಗಟ್ಟಿದ ಮೌನ ಹೀಗಿರುತ್ತದೆ: ಇಪ್ಪತ್ತೈದನೇ ನಿಮಿಷದ ಹೊತ್ತಿಗೆ, ಚೆನ್ನಾಗಿಯೇ ಮಾತನಾಡುತ್ತಿದ್ದ ಹೆಂಗಸು ಚಿಕ್ಕಪ್ಪನ ಹೆಸರು ಬಂದ ಕೂಡಲೇ ವಾಕ್ಯವನ್ನು ಅರ್ಧಕ್ಕೆ ಬಿಡುತ್ತಾರೆ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದ ಕೈ ನಿಲ್ಲುತ್ತದೆ. ನೋಟ ನಿಮ್ಮ ಭುಜದಾಚೆಯ ಗೋಡೆಯಲ್ಲಿ ನಾಟಿದೆ. ಉಸಿರು ಎದೆಯ ಮೇಲ್ಭಾಗದಲ್ಲೇ ಸಣ್ಣಗೆ ಆಡುತ್ತಿದೆ. ನೀವು ಕರೆದರೆ ‘ಹ್ಞಾಂ’ ಎನ್ನುತ್ತಾರೆ, ಆದರೆ ಕೇಳಿಸಿಕೊಂಡಿಲ್ಲ.

ಈಗ ‘ಆಮೇಲೆ ಏನಾಯಿತು’ ಎಂದು ಕೇಳಿದರೆ ಅದೇ ಚಿಕಿತ್ಸೆಯ ದೊಡ್ಡ ತಪ್ಪಾಗುತ್ತದೆ. ಅವರು ಆ ಹಳೆಯ ಕೋಣೆಯಲ್ಲಿದ್ದಾರೆ, ಮೊದಲು ಈ ಕೋಣೆಗೆ ಕರೆತರಬೇಕು. ಮುಟ್ಟಬೇಡಿ. ಕಣ್ಣು ಮುಚ್ಚಿ ಎನ್ನಬೇಡಿ, ಮುಚ್ಚಿದರೆ ಇನ್ನೂ ಒಳಗೆ ಹೋಗುತ್ತಾರೆ. ಎಂದಿನ ಸ್ವರದಲ್ಲಿ, ಸಣ್ಣ ಸಣ್ಣ ವಾಕ್ಯದಲ್ಲಿ: ‘ಅಕ್ಕಾ, ನಾವು ಶಿರಸಿಯಲ್ಲಿದ್ದೇವೆ. ಇವತ್ತು ಗುರುವಾರ. ಎರಡೂ ಪಾದ ನೆಲಕ್ಕೆ ಒತ್ತಿ. ಹಂಚಿನ ಮೇಲೆ ಮಳೆ ಕೇಳಿಸುತ್ತಿದೆಯಾ? ಈ ಕೋಣೆಯಲ್ಲಿ ಕಾಣುವ ಐದು ವಸ್ತುವಿನ ಹೆಸರು ಹೇಳಿ ನೋಡೋಣ.’ ಕುಡಿಯಲು ನೀರು ಕೊಡಿ, ಲೋಟ ಅವರೇ ಹಿಡಿಯಲಿ. ಮೂರರಿಂದ ಐದು ನಿಮಿಷದಲ್ಲಿ ನೋಟ ತಿರುಗುತ್ತದೆ, ಒಂದು ದೊಡ್ಡ ಉಸಿರು ಬರುತ್ತದೆ. ಅವತ್ತು ಆ ವಿಷಯಕ್ಕೆ ಮತ್ತೆ ಹೋಗಬೇಡಿ. ಯಾವ ಮಾತಿಗೆ ಹಾಗಾಯಿತು ಎಂದು ಬರೆದಿಟ್ಟುಕೊಂಡು, ಮುಂದಿನ ಸಲ ಅದರ ಹತ್ತಿರ ಹೋಗುವ ಮೊದಲು ಹೇಳಿ: ‘ಹೋದ ಸಲ ಇಲ್ಲಿ ಕಷ್ಟವಾಯಿತು. ಇವತ್ತು ಹತ್ತೇ ನಿಮಿಷ ಮಾತನಾಡೋಣ. ಸಾಕು ಅನ್ನಿಸಿದರೆ ಕೈ ಎತ್ತಿ.’ ನಿಲ್ಲಿಸುವ ಅಧಿಕಾರ ಅವರ ಕೈಗೆ ಬಂದಮೇಲೆ ಅವರೇ ಮುಂದೆ ನಡೆಯುವುದನ್ನು ನೋಡುತ್ತೀರಿ.

ದುರಂತ ಆದ ಕೂಡಲೇ ಜನರನ್ನು ಕೂರಿಸಿ ಕಂಡದ್ದನ್ನೆಲ್ಲ ಹೇಳಿಸುವುದು ಒಳ್ಳೆಯದೆಂಬ ನಂಬಿಕೆ ಹಿಂದೆ ಇತ್ತು. ಅದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲವೆಂದು ತಿಳಿದುಬಂದು, ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಈಗ ಬೇಡವೆನ್ನುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಂಥ ಘಟನೆಯ ಬಳಿಕ ಮೊದಲ ವಾರಗಳಲ್ಲಿ ಬೇಕಾಗುವುದು ತಂಗಲು ಜಾಗ, ಊಟ, ತಮ್ಮವರ ಸುದ್ದಿ, ಪಕ್ಕದಲ್ಲೊಬ್ಬರು. ಹೇಳಬೇಕೆನ್ನಿಸಿದವರು ಹೇಳಲಿ, ನೀವು ಕೆದಕಬೇಡಿ. ಒಂದು ತಿಂಗಳು ಕಳೆದ ಮೇಲೂ ಅದೇ ದೃಶ್ಯ ಕಣ್ಣಿಗೆ ಕಟ್ಟುವುದು, ಆ ದಾರಿಯನ್ನೇ ಬಿಡುವುದು, ಸಣ್ಣ ಸದ್ದಿಗೂ ಬೆಚ್ಚುವುದು ಉಳಿದಿದ್ದರೆ ಆಗ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಇದೆಯೇ ಎಂದು ಪರೀಕ್ಷಿಸಬೇಕು.

ಇದರ ಇನ್ನೊಂದು ಮಗ್ಗುಲೂ ಇದೆ. ‘ಇನ್ನೂ ತಯಾರಿಲ್ಲ’ ಎಂದು ಉಸಿರಾಟ, ಸಮಾಧಾನದಲ್ಲೇ ಆರು ತಿಂಗಳು ಕಳೆಯುವುದು ಬಂದವರ ಮೇಲಿನ ಕಾಳಜಿಗಿಂತ ನಮ್ಮದೇ ಹೆದರಿಕೆಯಿಂದ ಆಗುವುದೇ ಹೆಚ್ಚು. ಒಂದೇ ಅಪಘಾತದ ಆಘಾತವಿದ್ದು, ನಿದ್ದೆ, ಊಟ, ಮನೆಯ ಆಸರೆ ತಕ್ಕಮಟ್ಟಿಗೆ ಇದ್ದರೆ, ತರಬೇತಿ ಪಡೆದವರು ಎರಡು ಮೂರು ಭೇಟಿಯ ತಯಾರಿಯಲ್ಲೇ ನೆನಪಿನ ಕೆಲಸಕ್ಕೆ ಇಳಿಯಬಹುದು. ನಿಮಗೆ ಆ ತರಬೇತಿ ಇಲ್ಲದಿದ್ದರೆ ಇರುವವರ ಹತ್ತಿರ ಕಳಿಸಿ.

ಬೇಗ ನಡೆಯಬೇಕಾದ ಕಡೆ

ಪ್ಯಾನಿಕ್ (ಇದ್ದಕ್ಕಿದ್ದಂತೆ ಏರುವ ವಿಪರೀತ ಗಾಬರಿ), ಭಯ, ಒಸಿಡಿ (ಬೇಡವೆಂದರೂ ಬರುವ ಯೋಚನೆ, ಮಾಡಿದ್ದನ್ನೇ ಮಾಡುವ ಗೀಳು) ಇರುವವರೊಂದಿಗೆ ನಿಧಾನವೇ ಕಾಯಿಲೆಗೆ ಗೊಬ್ಬರ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಇಲ್ಲಿ ಬಾಲ್ಯವನ್ನು ಹುಡುಕುತ್ತ ಕೂರುವುದಕ್ಕಿಂತ ಮೊದಲ ಎರಡು ಮೂರು ವಾರದಲ್ಲೇ ಭಯದ ಕಡೆಗೆ ಹೆಜ್ಜೆ ಇಡಿಸಬೇಕು.

ಶಿರಸಿಯವರೊಬ್ಬರಿಗೆ ಘಟ್ಟದ ಬಸ್ಸಿನಲ್ಲಿ ಒಮ್ಮೆ ಎದೆ ಹೊಡೆದುಕೊಂಡು ಸತ್ತೇಹೋದೆ ಅನ್ನಿಸಿದೆ, ಹೃದಯದ ಪರೀಕ್ಷೆಯಲ್ಲಿ ಏನೂ ಇಲ್ಲ, ಆದರೆ ಅಂದಿನಿಂದ ಕುಮಟಾ ಕಡೆಗೇ ಹೋಗಿಲ್ಲ ಎಂದಿಟ್ಟುಕೊಳ್ಳಿ. ಒಂದೊಂದು ಸನ್ನಿವೇಶಕ್ಕೂ ‘ನೂರಕ್ಕೆ ಎಷ್ಟು ಭಯ’ ಎಂದು ಅವರಿಂದಲೇ ಅಂಕ ಹಾಕಿಸಿ, ಕೆಳಗಿನಿಂದ ಮೇಲಕ್ಕೆ ಜೋಡಿಸಿ:

ನಿಂತ ಬಸ್ಸಿನಲ್ಲಿ ಹತ್ತು ನಿಮಿಷ ಕೂರುವುದು: 30
ಪೇಟೆಯೊಳಗೆ ಎರಡು ಸ್ಟಾಪ್: 40
ಜೊತೆಗೊಬ್ಬರಿದ್ದು ರಾಗಿಹೊಸಳ್ಳಿವರೆಗೆ: 50
ಅಲ್ಲಿಗೇ ಒಬ್ಬರೇ: 60
ಜೊತೆಯವರಿದ್ದು ದೇವಿಮನೆ ಘಟ್ಟ ಇಳಿದು ಕತಗಾಲ: 75
ಒಬ್ಬರೇ ಕುಮಟಾ: 85
ಒಬ್ಬರೇ, ಕಿಟಕಿ ಪಕ್ಕ, ಹಿಂದಿನ ಸೀಟಿನಲ್ಲಿ: 95

30, 40ರ ಮೆಟ್ಟಿಲಿನಿಂದ ಹಿಡಿಯಿರಿ. ಒಂದೊಂದನ್ನೂ ವಾರಕ್ಕೆ ಮೂರು ನಾಲ್ಕು ಸಲ ಮಾಡಬೇಕು, ತಿಂಗಳಿಗೊಮ್ಮೆ ಮಾಡಿದರೆ ಪ್ರತಿ ಸಲವೂ ಮೊದಲ ಸಲವೇ ಆಗುತ್ತದೆ. ಹೊರಡುವ ಮೊದಲು ‘ಏನಾದೀತೆಂದು ಹೆದರಿಕೆ’ ಎಂದು ಬರೆಸಿ, ವಾಪಸ್ ಬಂದಮೇಲೆ ‘ನಿಜಕ್ಕೂ ಏನಾಯಿತು’ ಎಂದು ಪಕ್ಕದಲ್ಲೇ ಬರೆಸಿ. ಅರ್ಧ ದಾರಿಯಲ್ಲಿ ಭಯ ಏರಿದಾಗ ಇಳಿದುಬಿಟ್ಟರೆ, ಇಳಿದದ್ದಕ್ಕೇ ಬದುಕಿದೆ ಎಂದು ಮನಸ್ಸು ಪಾಠ ಕಲಿಯುತ್ತದೆ. ಆದ್ದರಿಂದ ಮೆಟ್ಟಿಲು ಸಣ್ಣದಿರಲಿ, ಹತ್ತಿದ ಮೇಲೆ ಪೂರೈಸಲಿ. ಪರ್ಸಿನಲ್ಲಿ ಹಿಡಿದುಕೊಂಡ ಮಾತ್ರೆ, ಬಿಡದೆ ಫೋನಿನಲ್ಲಿ ಮಾತು, ಡ್ರೈವರ್ ಹಿಂದಿನ ಸೀಟೇ ಬೇಕೆಂಬ ಹಟ, ಇವು ಒಳಗೊಳಗೇ ತಪ್ಪಿಸಿಕೊಳ್ಳುವ ದಾರಿಗಳು. ಮೊದಲು ಇರಲಿ, ಮೇಲಿನ ಮೆಟ್ಟಿಲಿಗೆ ಬರುವಾಗ ಒಂದೊಂದಾಗಿ ಬಿಡಿಸಿ. ನಾಮಜಪ ಮಾಡುವವರಿಗೆ ಬಿಡಿ ಎನ್ನಬೇಕಾಗಿಲ್ಲ. ಜಪ ಎಂದಿನ ಭಕ್ತಿಯದೋ, ಇಷ್ಟು ಸಲ ಹೇಳದಿದ್ದರೆ ಬಸ್ಸು ಉರುಳುತ್ತದೆಂಬ ಲೆಕ್ಕದ್ದೋ ಎಂದು ಅವರೇ ನೋಡಿಕೊಳ್ಳುವಂತೆ ಮಾಡಿ. ಭಾರೀ ಮಳೆಗೆ ಗುಡ್ಡ ಕುಸಿಯುವ ಎಚ್ಚರಿಕೆ ಇರುವ ದಿನ ಅಭ್ಯಾಸ ಬೇಡ. ಅಂದಿನ ಭಯ ಸರಿಯಾದ ಭಯ.

ಒಸಿಡಿಯಲ್ಲಿ ನಮ್ಮ ಕಡೆ ಮಡಿ ಮೈಲಿಗೆಯ ಪ್ರಶ್ನೆ ಬಂದೇ ಬರುತ್ತದೆ. ಮಡಿ ಸರಿಯೋ ತಪ್ಪೋ ಎಂಬ ವಾದಕ್ಕೆ ಇಳಿದರೆ ಆರು ಭೇಟಿ ಹಾಗೇ ಹೋಗುತ್ತದೆ. ‘ನಿಮ್ಮ ಅಜ್ಜಿ ಮಡಿ ಸ್ನಾನಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು? ನಿಮಗೆ ಎಷ್ಟು ಹೊತ್ತು?’ ಎಂದು ಕೇಳಿ. ಅಜ್ಜಿಗೆ ಹದಿನೈದು ನಿಮಿಷ, ಇವರಿಗೆ ಎರಡೂವರೆ ಗಂಟೆ ಎಂದಾದರೆ ನಡುವಿನ ಅಂತರವೇ ಕಾಯಿಲೆ. ಅದನ್ನು ಕಮ್ಮಿ ಮಾಡುವುದೇ ಚಿಕಿತ್ಸೆ ಎಂದು ಇಬ್ಬರಿಗೂ ಒಪ್ಪಿಗೆಯಾಗುತ್ತದೆ. ‘ಮುಟ್ಟಿದ್ದು ಸ್ವಚ್ಛವೇ ಅಲ್ಲವೇ’ ಎಂದು ದಿನಕ್ಕೆ ನಲವತ್ತು ಸಲ ಕೇಳಿದಾಗ ‘ಸ್ವಚ್ಛ ಇದೆ’ ಎಂದು ಉತ್ತರ ಕೊಡುವ ಮನೆಯವರನ್ನೂ ಒಂದು ಭೇಟಿಗೆ ಕರೆಸಿ. ಅವರ ಪ್ರೀತಿಯ ಉತ್ತರವೇ ಗಂಟನ್ನು ಬಿಗಿ ಮಾಡುತ್ತಿರುತ್ತದೆ.

ಒಂದೇ ದಿನ ಎಲ್ಲ ಹೇಳುವವರು, ಏನೂ ಹೇಳದವರು

ಮೊದಲ ಭೇಟಿಯಲ್ಲೇ ಇಪ್ಪತ್ತು ವರ್ಷದ ಕಥೆಯನ್ನೆಲ್ಲ ಸುರಿಯುವವರು ನಿಮ್ಮ ಜಾಣ್ಮೆಯಿಂದ ಹಾಗೆ ಮಾಡಿದರೆಂದು ಹಿಗ್ಗಬೇಡಿ. ಅಷ್ಟು ಹೇಳಿ ಹೋದವರು ಮರುದಿನ ನಾಚಿಕೆಯಿಂದ ಕುಗ್ಗಿ, ಎರಡನೇ ಸಲ ಬರದಿರುವುದು ಹೆಚ್ಚು. ಅರ್ಧ ಗಂಟೆಯಾಗುತ್ತಲೇ ಮೆಲ್ಲಗೆ ತಡೆಯಿರಿ: ‘ನೀವು ಹೇಳುತ್ತಿರುವುದು ದೊಡ್ಡ ವಿಷಯ. ಅವಸರದಲ್ಲಿ ಕೇಳಿ ಮುಗಿಸಲು ನನಗೆ ಇಷ್ಟವಿಲ್ಲ. ಇವತ್ತು ಇಲ್ಲಿಗೆ ನಿಲ್ಲಿಸಿ, ರಾತ್ರಿ ನಿದ್ದೆ ಹೇಗೆ ಬರಬೇಕು ಎಂಬುದನ್ನು ನೋಡೋಣ.’ ಮರುದಿನ ಸಂಕೋಚವಾಗಬಹುದು, ಆದರೂ ಬನ್ನಿ ಎಂದು ಮೊದಲೇ ಹೇಳಿಟ್ಟರೆ ಬರುತ್ತಾರೆ.

‘ಎಂತೂ ಇಲ್ಲೆ’ ಎಂದು ಕೂರುವ ಹಿರಿಯರ ಬಳಿ ಮನಸ್ಸಿನ ಮಾತು ಎತ್ತಬೇಡಿ. ಎದೆ ಉರಿ, ತಲೆ ಭಾರ, ಗ್ಯಾಸು, ಕಾಲು ಸೆಳೆತ, ಇವುಗಳಿಂದಲೇ ಒಳಗೆ ಹೋಗುವ ದಾರಿಯಿದೆ. ಯಾವ ಹೊತ್ತಿಗೆ ಜೋರು, ಯಾರಿದ್ದಾಗ ಕಮ್ಮಿ, ಯಾವಾಗಿನಿಂದ ಶುರು ಎಂದು ಕೇಳುತ್ತ ಹೋದರೆ ಮೂರನೇ ಭೇಟಿಯ ಹೊತ್ತಿಗೆ ‘ಮಗ ಬೆಂಗಳೂರಿಗೆ ಹೋದ ವರ್ಷದಿಂದ’ ಎಂಬ ಮಾತು ತಾನಾಗಿ ಬರುತ್ತದೆ. ಹದಿಹರೆಯದವರನ್ನು ಮನೆಯವರು ಎಳೆದು ತಂದಿದ್ದರೆ ಮೊದಲ ಭೇಟಿ ಆ ಮಕ್ಕಳದೇ ದೂರು ಕೇಳುವುದಕ್ಕೆ ಮೀಸಲು.

ಚಿಕಿತ್ಸೆಗೆ ಹೋಗುತ್ತಿರುವವರಿಗೆ ಇಲ್ಲೊಂದು ಮಾತು. ‘ಸ್ವಲ್ಪ ನಿಧಾನ ಹೋಗೋಣ’, ‘ಇಷ್ಟು ಮಾತನಾಡಿದ್ದರಿಂದ ಏನೂ ಬದಲಾಗುತ್ತಿಲ್ಲ’ ಎಂದು ನೇರವಾಗಿ ಹೇಳಬಹುದು. ಅದನ್ನು ಕೇಳಿ ಮುಖ ಗಂಟಿಕ್ಕುವವರಿಗಿಂತ ಪೆನ್ನು ತೆಗೆದು ಯೋಜನೆ ತಿದ್ದುವವರ ಹತ್ತಿರ ಹೋಗಿ.

ಐವತ್ತು ನಿಮಿಷದೊಳಗಿನ ನಡಿಗೆ

ಮೊದಲ ಹತ್ತು ನಿಮಿಷ ಮೂರು ದಿನದ ವರದಿಗೆ ಮತ್ತು ಇವತ್ತು ಏನು ಮಾಡೋಣ ಎಂಬ ಒಪ್ಪಂದಕ್ಕೆ. ಮಧ್ಯದ ಇಪ್ಪತ್ತೈದು ಮೂವತ್ತು ನಿಮಿಷ ಕೆಲಸ. ಕೊನೆಯ ಹತ್ತು ಹದಿನೈದು ಮೇಲೆ ಬರಲು. 35ನೇ ನಿಮಿಷದ ನಂತರ ಹೊಸ ಬಾಗಿಲು ತೆರೆಯಬಾರದು. ಏಳುವ ಮೊದಲು ‘ಇಲ್ಲಿಂದ ಎಲ್ಲಿಗೆ, ಸಂಜೆ ಮನೆಯಲ್ಲಿ ಯಾರಿರುತ್ತಾರೆ, ಏನು ಅಡುಗೆ’ ಎಂಬ ಮಾತು ಆಡಿ. ಇದು ಹರಟೆಯಂತೆ ಕಂಡರೂ ಅವರ ಮನಸ್ಸನ್ನು ಸಂಜೆಯ ಮನೆಗೆ ತಂದು ಬಿಡುತ್ತದೆ.

ಕೆಲವರು ಎಲ್ಲ ಮುಗಿದು ಚಪ್ಪಲಿ ಮೆಟ್ಟುವಾಗ ಹೇಳುತ್ತಾರೆ: ‘ಅಂದಹಾಗೆ ಮೇಡಂ, ಅವರು ಹೊಡೆಯುತ್ತಾರೆ.’ ನಿಂತಲ್ಲೇ ಕೇಳಿ: ಇವತ್ತು ಮನೆಗೆ ಹೋದರೆ ಅಪಾಯವಿದೆಯೇ? ಇದ್ದರೆ ಒಳಗೆ ಕೂರಿಸಿ, ಮುಂದಿನವರನ್ನು ಕಾಯಿಸಿ. ಇಲ್ಲವಾದರೆ ‘ಹೇಳಿದ್ದು ಒಳ್ಳೆಯದಾಯಿತು, ಮುಂದಿನ ಸಲ ಇದರಿಂದಲೇ ಶುರು ಮಾಡೋಣ’ ಎಂದು ಹೇಳಿ, ಹಾಗೆಯೇ ಮಾಡಿ. ಆ ಮಾತನ್ನು ಬಾಗಿಲ ಬಳಿಗೆ ಇಟ್ಟುಕೊಂಡದ್ದು ಅವರು ಆರಿಸಿಕೊಂಡ ವೇಗ. ಅದಕ್ಕೆ ಬೈಯಬಾರದು.

ಅಳತೆ, ಮತ್ತು ದಾರಿ ತಪ್ಪಿದಾಗ

ಎರಡು ವಾರಕ್ಕೊಮ್ಮೆ, ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿಸಿ. ಒಂಬತ್ತು ಪ್ರಶ್ನೆ, 0ರಿಂದ 27 ಅಂಕ. 10 ಮುಟ್ಟಿದರೆ ಗಮನ ಬೇಕು, 20 ಮುಟ್ಟಿದರೆ ತೀವ್ರ. 5 ಅಂಕ ಇಳಿದರೆ ನಿಜವಾದ ಇಳಿತ ಎಂದು ಹಿಡಿಯಬಹುದು. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಒಟ್ಟು ಅಂಕ ಎಷ್ಟೇ ಕಮ್ಮಿಯಿದ್ದರೂ ಅದಕ್ಕೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಅವತ್ತೇ ಮಾತನಾಡಿ. ಆತಂಕಕ್ಕೆ ಜಿಎಡಿ-7 ಇದೆ, ಏಳು ಪ್ರಶ್ನೆ, 21 ಅಂಕ. ಓದು ಬಾರದವರಿಗೆ ನೀವೇ ಓದಿ ಹೇಳಿ. ‘ಕಳೆದ ಎರಡು ವಾರ’ ಎಂಬುದನ್ನು ‘ಹೋದ ಅಮಾವಾಸ್ಯೆಯಿಂದ ಈಚೆಗೆ’ ಎಂದರೆ ಎಷ್ಟೋ ಜನರಿಗೆ ಲೆಕ್ಕ ಸಿಗುತ್ತದೆ, ದಿನ ಹೊಂದುವಂತಿದ್ದರೆ ಹಾಗೆ ಕೇಳಿ.

ನಾಲ್ಕರಿಂದ ಆರು ಭೇಟಿಯಾದರೂ ಅಂಕ ಜಗ್ಗದಿದ್ದರೆ ವೇಗ ಹೆಚ್ಚಿಸುವ ಮೊದಲು ಹುಡುಕಬೇಕಾದ್ದು ಬೇರೆ. ಗುರಿ ಅವರದೋ, ಕರೆತಂದ ಗಂಡನದೋ? ನಿಮ್ಮ ಯಾವುದಾದರೂ ಮಾತು ಅವರಿಗೆ ಚುಚ್ಚಿದೆಯೇ? ರೋಗನಿರ್ಣಯವೇ ತಪ್ಪಿರಬಹುದೇ? ಖಿನ್ನತೆ ಎಂದುಕೊಂಡದ್ದು ಬೈಪೋಲಾರ್ (ಖಿನ್ನತೆಯೂ ಅತಿ ಉತ್ಸಾಹವೂ ಬಂದುಹೋಗುವ ಕಾಯಿಲೆ) ಆಗಿದ್ದರೆ ಮಾತಿನಿಂದಷ್ಟೇ ಆಗುವುದಿಲ್ಲ. ಔಷಧಿ ಶುರುವಾಗಿದ್ದರೆ ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಿಸಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕೆಂಬುದನ್ನು ನೆನಪಿಡಿ. ಮಾತ್ರೆಯ ಕೆಲಸವನ್ನು ನಿಮ್ಮದೆಂದೂ, ಮಾತ್ರೆಯ ತಡವನ್ನು ನಿಮ್ಮ ಸೋಲೆಂದೂ ಎಣಿಸಬೇಡಿ. ಕಳಿಸಬೇಕಾದಾಗ ತಾಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇದೆ, ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಕ್ರಿಮ್ಸ್ ಇದೆ, ದೊಡ್ಡ ತೊಡಕಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಕಳಿಸುವ ಮೊದಲು ಫೋನ್ ಮಾಡಿ ದಿನ ಖಚಿತಪಡಿಸಿಕೊಂಡು, ಒಂದು ಪುಟದ ಪತ್ರ ಬರೆದು ಕೊಡಿ. ಇನ್ನೂರು ರೂಪಾಯಿ ಬಸ್ ಚಾರ್ಜು ಕೊಟ್ಟು ಹೋದವರು ‘ಡಾಕ್ಟರ್ ಇವತ್ತು ಬಂದಿಲ್ಲ’ ಎಂದು ವಾಪಸ್ ಬಂದರೆ ಮತ್ತೆ ಹೊರಡುವುದಿಲ್ಲ.

ಊರಿನ ಕ್ಯಾಲೆಂಡರು

ಯಾಂತ್ರೀಕೃತ ದೋಣಿಯಲ್ಲಿ ಹೋಗುವವರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಮನೆಯಲ್ಲೇ ಇರುತ್ತಾರೆ, ವಾರವಾರ ಬರಬಲ್ಲರು. ಆದರೆ ಆದಾಯವಿಲ್ಲದ, ಕುಡಿತ ಏರುವ ಕಾಲವೂ ಅದೇ ಆಗಬಹುದು. ಘಟ್ಟದ ಮೇಲೆ ಅದೇ ಹೊತ್ತಿಗೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಗಡಿಬಿಡಿ, ಆಮೇಲೆ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಆ ತಿಂಗಳುಗಳಲ್ಲಿ ತೋಟದ ಮನೆಯವರಿಗೆ ಹದಿನೈದು ದಿನಕ್ಕೊಮ್ಮೆ ಸಾಕು. ಆಳದ ವಿಷಯವನ್ನು ಆಗ ಶುರು ಮಾಡಬೇಡಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಆಸುಪಾಸಿನಲ್ಲಿ ಶಿರಸಿಯ ಮನೆಗಳಲ್ಲಿ ನೆಂಟರು ತುಂಬಿರುತ್ತಾರೆ, ಅತ್ತು ಮಲಗಲು ಒಂದು ಕೋಣೆಯೂ ಖಾಲಿ ಇರುವುದಿಲ್ಲ. ಮಳೆಗಾಲದಲ್ಲಿ ರಸ್ತೆ ಬಂದ್ ಆದರೆ ಭೇಟಿ ಫೋನಿನಲ್ಲಾಗುತ್ತದೆ ಎಂದು ಮೇ ತಿಂಗಳಲ್ಲೇ ಮಾತಾಡಿಕೊಳ್ಳಿ. ಫೋನಿನಲ್ಲಿ ಮೂವತ್ತು ನಿಮಿಷ ಸಾಕು, ಮೇಲಿನ ಎರಡು ಮೆಟ್ಟಿಲಿಗಿಂತ ಕೆಳಗೆ ಇಳಿಯಬೇಡಿ. ಕರೆ ಕಡಿದುಹೋದರೆ ಯಾರು ತಿರುಗಿ ಮಾಡಬೇಕು, ಐದು ನಿಮಿಷದಲ್ಲಿ ಸಿಗದಿದ್ದರೆ ಮನೆಯಲ್ಲಿ ಯಾರಿಗೆ ಮಾಡಬೇಕು ಎಂಬುದು ಮೊದಲೇ ಗೊತ್ತಿರಲಿ.

ಅಂಕ ಇಳಿದು ನಾಲ್ಕೈದು ವಾರ ಅಲ್ಲೇ ನಿಂತರೆ ಅಂತರ ಹೆಚ್ಚಿಸಿ: ಎರಡು ವಾರ, ಆಮೇಲೆ ತಿಂಗಳು, ಆಮೇಲೆ ಮೂರು ತಿಂಗಳು. ಒಮ್ಮೆಲೇ ‘ಇನ್ನು ಬರಬೇಕಾಗಿಲ್ಲ’ ಎಂದರೆ ಕೈಬಿಟ್ಟರು ಅನ್ನಿಸುತ್ತದೆ. ಕೊನೆಯ ವಾರದ ಭೇಟಿಯಲ್ಲಿ ಅವರ ಕೈಯಲ್ಲೇ ಒಂದು ಹಾಳೆ ಬರೆಸಿ: ಮತ್ತೆ ಕೆಡುವಾಗ ಮೊದಲು ಕಾಣುವ ಮೂರು ಗುರುತು, ಆಗ ತಾವೇ ಮಾಡಬಹುದಾದ ಎರಡು ಕೆಲಸ, ಅದರಿಂದ ಆಗದಿದ್ದರೆ ಎಷ್ಟು ದಿನಕ್ಕೆ ನಿಮಗೆ ಫೋನ್. ಗುರುತು ಅವರ ಮಾತಿನಲ್ಲೇ ಇರಲಿ. ‘ಖಿನ್ನತೆ ಮರುಕಳಿಸುವುದು’ ಎಂದು ಬರೆದದ್ದನ್ನು ಯಾರೂ ತಿರುಗಿ ಓದುವುದಿಲ್ಲ. ‘ಬೆಳಿಗ್ಗೆ ದೋಸೆ ಹುಯ್ಯಲು ಬೇಜಾರು ಬರುವುದು, ತಂಗಿಯ ಫೋನ್ ಎತ್ತದಿರುವುದು’ ಎಂದು ಬರೆದ ಹಾಳೆ ದೇವರ ಕೋಣೆಯ ಪಂಚಾಂಗದೊಳಗೆ ಜೋಪಾನವಾಗಿರುತ್ತದೆ.